ಕೈರೇಖೆಯ ಕಾಯ್ದೆ

ದಿಂಡಿಗಲ್ಲಿನಿಂದ ಪಡುವಣಕ್ಕೆ ಹೊರಟ ಹೆದ್ದಾರಿಯು ವತ್ತಲಗುಂಡು, ದೇವದಾನಪಟ್ಟಿ, ಪೆರಿಯಕುಳಂ ಊರುಗಳನ್ನು ದಾಟಿ ತೇನಿಯನ್ನು ಸೇರುತ್ತದೆ. ಅಲ್ಲಿಂದ ತೆಂಕಣಕ್ಕೆ ತಿರುಗಿ ಚಿನ್ನಮನೂರು, ಉತ್ತಮಪಾಳಯ, ಕಂಬಂ, ಗೂಡಲೂರುಗಳ ಮಾರ್ಗವಾಗಿ ಕುಮಿಳಿಯ ಘಟ್ಟವನ್ನು ಏರುತ್ತದೆ. ಎರಡು ಕಡೆಯೂ ಬೆಟ್ಟಗಳ ಸಾಲು. ನಡುವೆ ಬತ್ತದ ಗದ್ದೆ, ತೆಂಗು, ಬಾಳೆ, ದ್ರಾಕ್ಷಿಯ ಚಪ್ಪರಗಳು. ಈ ಸೀಮೆಯು ಕನ್ನಡಿಗರಿಗೆ ಅಪರಿಚಿತವಾದುದಲ್ಲ. ಕಪ್ಪಿಲಿಯರು, ಒಕ್ಕಲಿಗರು, ಅನುಪ್ಪರು ಮೊದಲಾದ ಕನ್ನಡ ಮನೆಮಾತಿನ ಬೇಸಾಯಗಾರರೂ ದೇವಾಂಗ ನೇಕಾರರೂ ಇಲ್ಲಿ ಅನೇಕ ತಲೆಮಾರುಗಳಿಂದ ನೆಲೆಸಿದ್ದಾರೆ. ಮನೆಯೊಳಗೆ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಆಡಿಕೊಂಡು ಬಂದವರು ಅವರು.

ಈ ದಾರಿಯಲ್ಲಿ ಪಯಣಮಾಡುವ ಕನ್ನಡಿಗನು ತಮಿಳು ಓದಬಲ್ಲವನಾದರೆ, ಬಹುಕಾಲದಿಂದ ಕಾಣಬರುತ್ತಿರುವ ಒಂದು ಬಗೆಯ ಹಲಗೆಯ ಮುಂದೆ ಗಕ್ಕನೆ ನಿಲ್ಲುತ್ತಾನೆ. ‘ಅರಸು ಕಳ್ಳರ್ ಪಳ್ಳಿ’ ಎಂದು ಅದರ ಮೇಲೆ ಬರೆದಿರುತ್ತದೆ. ಕನ್ನಡದ ಕಿವಿಗೆ ಅದು ‘ಸರ್ಕಾರಿ ಕಳ್ಳರ ಶಾಲೆ’ ಎಂದೇ ಕೇಳುತ್ತದೆ. ತಮಿಳಿನಲ್ಲಿಯೂ ಆ ಮಾತಿಗೆ ಅದೇ ಅರ್ಥ ಉಂಟು. ನಗು ಬರುವುದು ಸಹಜ. ಆದರೆ ಆ ಶಾಲೆಯ ಅಂಗಳದಲ್ಲಿ ಆಡುವ ಮಕ್ಕಳಲ್ಲಿ ಯಾರೂ ಏನನ್ನೂ ಕದ್ದವರಲ್ಲ. ಅವರ ಅಪ್ಪಂದಿರೂ ಕದ್ದವರಲ್ಲ. ಕಳ್ಳರ್ ಎಂಬುದು ಅವರ ಜಾತಿಯ ಹೆಸರು. ಈ ಹೆಸರಿಗೂ ಈ ಶಾಲೆಗಳಿಗೂ ಪೋಲೀಸು ಠಾಣೆಯ ಬೆರಳಚ್ಚಿನ ಹಾಳೆಗೂ ಇರುವ ಸಂಬಂಧವು ನಮ್ಮ ದೇಶದ ದಂಡನೀತಿಯ ಚರಿತ್ರೆಯಲ್ಲಿ ಒಂದು ದುಃಖದ ಅಧ್ಯಾಯ. ಶಾಲೆಯೊಡನೆಯೇ ನಂಟುಳ್ಳ ಅಧ್ಯಾಯವಾದ್ದರಿಂದ, ಉಪಾಧ್ಯಾಯರೂ ವಿದ್ಯಾರ್ಥಿಗಳೂ ಓದುವ ಈ ಪತ್ರಿಕೆಯಲ್ಲಿ ಅದನ್ನು ಪ್ರಸ್ತಾಪಿಸುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ಕಾವಲಿನವರು

ಮದುರೆಯ ಪಡುವಣಕ್ಕೆ, ಉಸಿಲಂಪಟ್ಟಿಯ ಸುತ್ತುಮುತ್ತಿನ ಒಣಭೂಮಿಯಲ್ಲಿ ನೆಲೆಸಿರುವ ಕಳ್ಳರಿಗೆ ಪಿರಮಲೈ ಕಳ್ಳರೆಂದು ಹೆಸರು. ಅವರಲ್ಲಿ ಅನೇಕರು ಕಾಲಕ್ರಮದಲ್ಲಿ ಮಲೆಯ ಅಂಚನ್ನು ದಾಟಿ ಕಂಬಂ ಕಣಿವೆಗೂ ದಿಂಡಿಗಲ್ ಸೀಮೆಗೂ ಬಂದು ನಿಂತರು. 1949 ಮತ್ತು 1950ರಲ್ಲಿ ಫ್ರಾನ್ಸಿನ ವಿದ್ವಾಂಸ ಲೂಯಿ ದ್ಯುಮೋ ಇವರ ನಡುವೆ ಇದ್ದು, ಇವರ ದೇವತೆಗಳು, ಮದುವೆಯ ಕಟ್ಟಳೆಗಳು, ನಂಟಸ್ತಿಕೆಯ ನಿಯಮಗಳು ಇವುಗಳನ್ನು ಕುರಿತು 1957ರಲ್ಲಿ ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದನು. ಸ್ವಂತ ಕಟ್ಟುಪಾಡು, ಸ್ವಂತ ನ್ಯಾಯಪಂಚಾಯತಿ ಇದ್ದ ಒಂದು ಸಮಾಜ ಅದು ಎಂಬುದು ಆ ಗ್ರಂಥದಿಂದ ಲೋಕಕ್ಕೆ ತಿಳಿಯಿತು.

ಹಳೆಯ ಕಾಲದಲ್ಲಿ ಇವರಲ್ಲಿ ಬಹುಮಂದಿಯ ವೃತ್ತಿಯು ಕಾವಲು. ಒಂದು ಹಳ್ಳಿಯ ಬೆಳೆಯನ್ನೂ ದನಕರುಗಳನ್ನೂ ಕಾಯುವ ಹೊಣೆಯನ್ನು ಕಳ್ಳರ ಮನೆತನವೊಂದು ಹೊರುತ್ತಿತ್ತು. ಅದಕ್ಕಾಗಿ ರೈತರು ಸುಗ್ಗಿಯಲ್ಲಿ ದವಸವನ್ನು ಅಳೆದು ಕೊಡುತ್ತಿದ್ದರು. ಕಳುವಾದರೆ ಕಾವಲಿನವನು ಪತ್ತೆ ಮಾಡಬೇಕು. ಪತ್ತೆಯಾಗದಿದ್ದರೆ ನಷ್ಟವನ್ನು ತುಂಬಿಕೊಡಬೇಕು. ದೊರೆಗಳ ಆಳ್ವಿಕೆ ಕುಗ್ಗಿ ಕುಂಪಣಿಯ ಆಳ್ವಿಕೆ ಬಂದ ಮೇಲೆ ಸರ್ಕಾರದ ಪೋಲೀಸರೇ ಊರು ಕಾಯತಕ್ಕವರೆಂದು ಗೊತ್ತಾಯಿತು. ಆದರೂ ಹಳೆಯ ಕಾವಲು ಪೂರ್ತಿಯಾಗಿ ಅಳಿಯಲಿಲ್ಲ. ಅಳಿಯದೆ ಉಳಿದುದು ಕೆಡುತ್ತಲೂ ಹೋಯಿತು. ಕಾವಲಿಗೆ ಒಪ್ಪದ ರೈತನ ಎತ್ತು ಇರುಳಿನಲ್ಲಿ ಮಾಯವಾಗುವುದು, ಮರುದಿನ ಮಧ್ಯಸ್ಥನೊಬ್ಬನು ಬಂದು ‘ತುಪ್ಪುಕ್ಕೂಲಿ’ ಎಂದರೆ ಸುಳಿವಿನ ಕೂಲಿಯನ್ನು ಕೊಟ್ಟರೆ ಎತ್ತು ಸಿಕ್ಕೀತೆಂದು ಹೇಳುವುದು, ಇಂಥವು ನಡೆಯುತ್ತಿದ್ದವು. ಬೇಸಾಯಗಾರನಿಗೆ ಎತ್ತು ಎಂದರೆ ಏನೆಂಬುದನ್ನು ಬಲ್ಲ ನಾವು ಆ ರೈತರ ಸಂಕಟವನ್ನು ಅಲ್ಲಗಳೆಯಲಾರೆವು. ತಪ್ಪು ನಡೆದದ್ದು ನಿಜ. ಅದನ್ನು ತಡೆಯಬೇಕಾದುದೂ ನ್ಯಾಯ. ತಡೆಯುವ ಬಗೆ ಯಾವುದು ಎಂಬುದೇ ಇಲ್ಲಿರುವ ಪ್ರಶ್ನೆ.

1896ರಲ್ಲಿ ಈ ಸಂಕಟವು ದಿಂಡಿಗಲ್ ಸೀಮೆಯಲ್ಲಿ ಚಳವಳಿಯ ರೂಪವನ್ನು ತಾಳಿತು. ಅಮ್ಮಯ್ಯಪ್ಪ ಕೋನ್ ಎಂಬ ದನಗಾಹಿ ಕುಲದ ಮುಖಂಡನು ರೈತರನ್ನು ಒಟ್ಟುಗೂಡಿಸಿದನು. ಊರೂರಿನವರು ಸೇರಿ ನಿಧಿಯೊಂದನ್ನು ಕೂಡಿಸಿದರು. ಕಳ್ಳರ ಕಾವಲನ್ನು ಬಿಡಿಸುವುದು, ಅದರಿಂದ ಯಾರಿಗಾದರೂ ದನ ಕಳುವಾದರೆ ನಿಧಿಯಿಂದ ತುಂಬಿಕೊಡುವುದು ಎಂಬುದು ಒಪ್ಪಂದ. ಇಷ್ಟಕ್ಕೇ ನಿಂತಿದ್ದರೆ ಅದು ಒಂದು ಮೆಚ್ಚತಕ್ಕ ಸಹಕಾರ ಸಂಘವೇ ಆಗುತ್ತಿತ್ತು. ಆದರೆ ಕಾವಲನ್ನು ಬಿಡಿಸುವ ಕೆಲಸವು ಕಾವಲಿನವರನ್ನೇ ಓಡಿಸುವ ಕೆಲಸವಾಗಿ ಬೆಳೆಯಿತು. ಕಳ್ಳರ ಮನೆಗಳಿಗೆ ಬೆಂಕಿ ಬಿದ್ದಿತು. ತಲೆಮಾರುಗಳಿಂದ ಬಾಳಿದ ಊರುಗಳನ್ನು ಬಿಟ್ಟು ಅನೇಕ ಕುಟುಂಬಗಳು ಹೊರಟುಹೋದವು. ಆ ಗುಂಪಿನಲ್ಲಿ ಎತ್ತು ಕದ್ದವನು ಯಾರು, ಕದಿಯದವನು ಯಾರು ಎಂದು ಬೆಂಕಿ ಇಟ್ಟವರು ವಿಚಾರಿಸಲಿಲ್ಲ. ಹದಿನೈದು ವರ್ಷಗಳ ಮೇಲೆ ಸರ್ಕಾರದ ಕಾಯ್ದೆಯೂ ಅದನ್ನು ವಿಚಾರಿಸದೆ ಬಂದಿತು.

ಹುಟ್ಟಿನಿಂದ ಅಪರಾಧಿ

ಆ ಕಾಯ್ದೆಯ ಹೆಸರು ‘ಅಪರಾಧಿ ಬುಡಕಟ್ಟುಗಳ ಕಾಯ್ದೆ’. 1871ರಲ್ಲಿ ಅದು ಮೊದಲು ಉತ್ತರ ಹಿಂದೂಸ್ಥಾನಕ್ಕೆ ಬಂದಿತು. ಬಡಗಿಯ ಮಗ ಬಡಗಿ, ನೇಕಾರನ ಮಗ ನೇಕಾರ ಎನ್ನುವ ಈ ದೇಶದಲ್ಲಿ ಕಳವೂ ಕುಲಕಸುಬೇ ಆಗಿರಬೇಕೆಂಬ ವಾದವನ್ನು ಅಂದಿನ ಅಧಿಕಾರಿಗಳು ಮುಂದಿಟ್ಟರು. 1911ರಲ್ಲಿ ಕಾಯ್ದೆಯನ್ನು ಹೊಸದಾಗಿ ಬರೆದು ಮದರಾಸು ಆಧಿಪತ್ಯವನ್ನೂ ಅದರ ವ್ಯಾಪ್ತಿಗೆ ತಂದರು. ಪಿರಮಲೈ ಕಳ್ಳರ ಮೇಲೆ ಅದನ್ನು ಹೊರಿಸುವ ಕೆಲಸ 1914ರಲ್ಲಿ ಮೊದಲಾಯಿತು. 1918ರ ಹೊತ್ತಿಗೆ ಇಡೀ ಕುಲವೇ ಅದರೊಳಗೆ ಬಿದ್ದಿತು.

ಇದು ಕೆಲಸ ಮಾಡುತ್ತಿದ್ದ ಕ್ರಮವನ್ನು ವಿದ್ಯಾರ್ಥಿಗಳು ಸ್ವಲ್ಪ ನಿಧಾನವಾಗಿ ಗಮನಿಸಬೇಕು. ಮೊದಲು ಸರ್ಕಾರವು ಗೆಜೆಟ್ಟಿನಲ್ಲಿ ಇಂಥ ಕುಲವು ಅಪರಾಧಿ ಕುಲವೆಂದು ಪ್ರಕಟಿಸುತ್ತಿತ್ತು. ಆ ಪ್ರಕಟಣೆ ಸರಿಯೇ ತಪ್ಪೇ ಎಂದು ಯಾವ ನ್ಯಾಯಾಲಯವೂ ಕೇಳುವಂತಿರಲಿಲ್ಲ. ಕಾಯ್ದೆಯೇ ಆ ಬಾಗಿಲನ್ನು ಮುಚ್ಚಿತ್ತು. ಬಳಿಕ ಜಿಲ್ಲೆಯ ಮ್ಯಾಜಿಸ್ಟ್ರೇಟನು ಕುಲದವರ ಪಟ್ಟಿಯನ್ನು ಮಾಡಿಸುತ್ತಿದ್ದನು. ಪಟ್ಟಿಗೆ ಸೇರಿದವನು ಕರೆದಾಗ ಬಂದು ಬೆರಳಚ್ಚನ್ನು ಕೊಡಬೇಕು. ಗೊತ್ತಾದ ಹೊತ್ತಿನಲ್ಲಿ ಹಾಜರಿ ಕೊಡಬೇಕು, ಊರು ಬಿಡುವುದಾದರೆ ಮುಂಚಿತವಾಗಿ ತಿಳಿಸಬೇಕು ಎಂಬ ಕಟ್ಟಳೆಗಳನ್ನೂ ಅವನ ಮೇಲೆ ಹೊರಿಸಬಹುದಾಗಿತ್ತು. ಹಾಗೆ ಕಟ್ಟಳೆಗೊಳಗಾದ ಗಂಡಸರು ಇರುಳಿನಲ್ಲಿ ಠಾಣೆಯಲ್ಲೋ ಊರ ಚಾವಡಿಯಲ್ಲೋ ಪೋಲೀಸರ ಕಣ್ಣೆದುರಿಗೆ ಮಲಗಬೇಕಾಯಿತು. ಹೊರಗೆ ಹೋಗಬೇಕಾದವನಿಗೆ ಅಪ್ಪಣೆಯ ಚೀಟಿ ಬೇಕು; ಜನರು ಅದನ್ನು ‘ರಾತ್ತಿರಿ ಚೀಟ್ಟು’ ಎಂದು ಕರೆಯುತ್ತಿದ್ದರು. ನಿನ್ನೆ ಮದುವೆಯಾದವನಿಗೂ ಇದೇ ಕಟ್ಟಳೆ, ಮನೆಯಲ್ಲಿ ಹೆಣವಿದ್ದವನಿಗೂ ಇದೇ ಕಟ್ಟಳೆ. ಇಷ್ಟಕ್ಕೆಲ್ಲ ಅವನು ಮಾಡಿದ ತಪ್ಪೇನು? ಕಾಯ್ದೆ ಆ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ. ಆ ಕುಲದಲ್ಲಿ ಹುಟ್ಟಿರುವುದೇ ಸಾಕಾಗಿತ್ತು.

ಹೆಸರಿನಿಂದಲೇ ದೋಷವೆಂದು ಯಾರಾದರೂ ವಾದಿಸಿದರೆ ಅವರಿಗೆ ಪುದುಕ್ಕೋಟೆಯನ್ನು ತೋರಿಸಬೇಕು. ಆ ಸಂಸ್ಥಾನವನ್ನು 1948ರ ವರೆಗೆ ಆಳಿದ ತೊಂಡೈಮಾನ್ ದೊರೆಗಳೂ ಕಳ್ಳರೇ. ಒಂದು ಶಾಖೆಯವನಿಗೆ ಸಿಂಹಾಸನ, ತೋಪಿನ ಮರ್ಯಾದೆ. ಇನ್ನೊಂದು ಶಾಖೆಯವನಿಗೆ ಠಾಣೆಯ ಜಗಲಿ.

ಶಿಕ್ಷೆಯ ವಿಷಯದಲ್ಲಿಯೂ ಇಂಥದೇ ಭೇದ. ಆಗಿನ ಸಾಮಾನ್ಯ ದಂಡಸಂಹಿತೆಯ 75ನೆಯ ಕಲಮು, ಒಮ್ಮೆ ಶಿಕ್ಷೆಯಾದವನು ಕೆಲವು ಬಗೆಯ ಅಪರಾಧಗಳನ್ನು ಮತ್ತೆ ಮಾಡಿದರೆ ಶಿಕ್ಷೆಯ ಮೇಲಿನ ಮಿತಿಯನ್ನು ಏರಿಸುತ್ತಿತ್ತು. ಆ ಮಿತಿಯೊಳಗೆ ಎಷ್ಟು ವಿಧಿಸಬೇಕೆಂಬುದು ನ್ಯಾಯಾಧೀಶನ ವಿವೇಕಕ್ಕೆ ಬಿಟ್ಟುದು. ಅಪರಾಧಿ ಬುಡಕಟ್ಟುಗಳ ಕಾಯ್ದೆಯಾದರೋ ಕೆಳಗಿನ ಮಿತಿಯನ್ನೇ ಏರಿಸಿತು. ಪಟ್ಟಿಯಲ್ಲಿ ಹೇಳಿದ ಅಪರಾಧಕ್ಕೆ ಎರಡನೆಯ ಸಲ ಸಿಕ್ಕಿದರೆ, ವಿಶೇಷ ಕಾರಣವಿಲ್ಲದಿದ್ದಲ್ಲಿ, ಏಳು ವರ್ಷಕ್ಕೆ ಕಡಮೆಯಿಲ್ಲದ ಸೆರೆ. ಮೂರನೆಯ ಸಲಕ್ಕೆ ಜನ್ಮಾವಧಿ ಗಡೀಪಾರು. ಇದಲ್ಲದೆ, ಪಟ್ಟಿಗೆ ಸೇರಿದವನು ಕಳವಿಗೆ ಹೊಂಚುತ್ತಿದ್ದನೆಂದು ತೋರುವಂಥ ಸ್ಥಿತಿಯಲ್ಲಿ ಕಂಡುಬಂದರೆ, ಏನೂ ಕದಿಯದಿದ್ದರೂ, ಮೂರು ವರ್ಷದ ವರೆಗೆ ಸೆರೆಯಾಗಬಹುದಾಗಿತ್ತು. ಅದೇ ಕಾಲದ ದಂಡಪ್ರಕ್ರಿಯಾ ಸಂಹಿತೆಯಲ್ಲಿ ಮೊದಲ ಸಲ ತಪ್ಪು ಮಾಡಿದವನನ್ನು ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟುಬಿಡಬಹುದೆಂಬ 562ನೆಯ ಕಲಮೂ ಇದ್ದಿತು. ಒಂದೇ ಸರ್ಕಾರ, ಒಂದೇ ಕಚೇರಿ, ಎರಡು ಬಗೆಯ ಮನುಷ್ಯರು.

ಬೆರಳಿನ ಶಾಸ್ತ್ರ

ಈಗ ಬೆರಳಚ್ಚಿನ ವಿಚಾರಕ್ಕೆ ಬರೋಣ. ಕಳ್ಳರ ಸೀಮೆಯಲ್ಲಿ ಈ ಕಾಯ್ದೆಯ ಉದ್ದನೆಯ ಹೆಸರನ್ನು ಯಾರೂ ಆಡುತ್ತಿರಲಿಲ್ಲ. ಅವರು ಅದನ್ನು ‘ಕೈರೇಗೈ ಚಟ್ಟಂ’ ಎಂದು ಕರೆದರು. ಕೈರೇಖೆಯ ಕಾಯ್ದೆ ಎಂದು ಅರ್ಥ. ತಮ್ಮನ್ನು ಇರಿದುದು ಯಾವುದೆಂಬುದನ್ನು ಅವರು ಆ ಹೆಸರಿನಲ್ಲಿಯೇ ಹೇಳಿಬಿಟ್ಟಿದ್ದಾರೆ.

ನಮ್ಮ ಹಿರಿಯರು ಬೆರಳ ತುದಿಯಲ್ಲಿ ಶಂಖ ಚಕ್ರಗಳನ್ನು ನೋಡಿ ಭಾಗ್ಯವನ್ನು ಎಣಿಸುತ್ತಿದ್ದರು. ಅದೇ ಶಂಖ ಚಕ್ರಗಳಿಂದ ಮನುಷ್ಯನನ್ನು ಗುರುತಿಸಬಹುದೆಂಬ ಶಾಸ್ತ್ರವು ಬೆಳೆದುದೂ ನಮ್ಮ ದೇಶದಲ್ಲಿಯೇ. 1858ರಲ್ಲಿ ಬಂಗಾಳದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹರ್ಷೆಲ್ ಎಂಬಾತನು ಗುತ್ತಿಗೆದಾರನೊಬ್ಬನಿಂದ ಕರಾರುಪತ್ರಕ್ಕೆ ಅಂಗೈಯ ಅಚ್ಚನ್ನು ಒತ್ತಿಸಿಕೊಂಡನು. ಮುಂದೆ ಅವನು ವರ್ಷಗಟ್ಟಲೆ ಅಚ್ಚುಗಳನ್ನು ಕೂಡಿಟ್ಟು, ವಯಸ್ಸಾದರೂ ಬೆರಳಿನ ಗೆರೆ ಬದಲಾಗುವುದಿಲ್ಲವೆಂಬುದನ್ನು ಕಂಡುಕೊಂಡನು. ಆದರೆ ಸಾವಿರಾರು ಹಾಳೆಗಳ ನಡುವೆ ಬೇಕಾದ ಒಂದು ಹಾಳೆಯನ್ನು ಹುಡುಕುವುದು ಹೇಗೆ? ಎಡ್ವರ್ಡ್ ಹೆನ್ರಿಯ ಹೆಸರಿನಲ್ಲಿ ಲೋಕಪ್ರಸಿದ್ಧವಾದ ವರ್ಗೀಕರಣದ ಹಿಂದೆ ದುಡಿದವರು ಅವನ ಕೈಕೆಳಗಿದ್ದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯರು. ಹತ್ತು ಬೆರಳುಗಳಲ್ಲಿ ಯಾವ ಯಾವುದರಲ್ಲಿ ಚಕ್ರವಿದೆಯೆಂದು ನೋಡಿ ಅಂಕಿ ಹಾಕಿದರೆ ಎಲ್ಲ ಹಾಳೆಗಳೂ 1024 ಗೂಡುಗಳಲ್ಲಿ ಹಂಚಿಹೋಗುತ್ತವೆ. 1897ರಲ್ಲಿ ಕಲ್ಕತ್ತೆಯಲ್ಲಿ ಜಗತ್ತಿನ ಮೊದಲನೆಯ ಬೆರಳಚ್ಚಿನ ಕಚೇರಿಯು ಸ್ಥಾಪಿತವಾಯಿತು.

ಆ ವರ್ಷವೇ ಜಲ್ಪಾಯಿಗುರಿ ಜಿಲ್ಲೆಯ ಚಹಾ ತೋಟದ ವ್ಯವಸ್ಥಾಪಕನೊಬ್ಬನ ಕೊಲೆಯಾಯಿತು. ಮನೆಯಲ್ಲಿ ಹಣ ಕಳುವಾಗಿತ್ತು. ಅಲ್ಲಿದ್ದ ಬಂಗಾಳಿ ಪಂಚಾಂಗವೊಂದರ ಮೇಲೆ ಹೆಬ್ಬೆರಳಿನ ಕಂದು ಗುರುತು ಬಿದ್ದಿತ್ತು. ಅಡಿಗೆಯವನು, ಕೂಲಿಗಳು, ದಾರಿಹೋಕರು ಎಂದು ಸಂಶಯವು ಹತ್ತು ಮಂದಿಯ ಮೇಲೆ ಹರಿಯುತ್ತಿತ್ತು. ಆ ಗುರುತು ಹಿಂದೊಮ್ಮೆ ಕಳವಿಗಾಗಿ ಸೆರೆಯಾಗಿದ್ದ ಕಾಂಗಾಲಿ ಚರಣ್ ಎಂಬ ಹಳೆಯ ಆಳಿನದೆಂದು ಕಲ್ಕತ್ತೆಯ ಕಚೇರಿ ತೋರಿಸಿಕೊಟ್ಟಿತು. 1898ರಲ್ಲಿ ನ್ಯಾಯಾಲಯವು ಅವನಿಗೆ ಕಳವಿನ ಅಪರಾಧಕ್ಕೆ ಮಾತ್ರ ಶಿಕ್ಷೆ ವಿಧಿಸಿತು. ಅವನು ಪಂಚಾಂಗವನ್ನು ಮುಟ್ಟಿದನೆಂಬುದಕ್ಕೆ ಗುರುತು ಸಾಕ್ಷಿ. ಕೊಂದನೆಂಬುದಕ್ಕೆ ಸಾಕಾಗದು ಎಂದು ಕೊಲೆಯ ಆರೋಪದಿಂದ ಬಿಟ್ಟಿತು. ಶಾಸ್ತ್ರವೂ ನ್ಯಾಯವೂ ಒಂದಕ್ಕೊಂದು ಹೊಂದಿ ನಡೆದ ಬಗೆ ಇದು. ಶಾಸ್ತ್ರವು ಹತ್ತು ಮಂದಿಯಲ್ಲಿ ಒಂಬತ್ತು ಮಂದಿಯನ್ನು ಸಂಶಯದಿಂದ ಪಾರುಮಾಡಿತು; ನ್ಯಾಯವು ಹತ್ತನೆಯವನಿಗೂ ಸಾಕ್ಷ್ಯ ಇದ್ದಷ್ಟೇ ಶಿಕ್ಷೆಯನ್ನು ಕೊಟ್ಟಿತು.

ಬೆರಳಚ್ಚಿನ ಗುಣವೇ ಅದು. ಲೋಕದ ಒಬ್ಬನ ಅಚ್ಚು ಇನ್ನೊಬ್ಬನದರಂತೆ ಇರುವುದಿಲ್ಲ. ಅಣ್ಣತಮ್ಮಂದಿರನ್ನು, ಅವಳಿಜವಳಿಗಳನ್ನೂ ಅದು ಬೇರೆಮಾಡಿ ತೋರಿಸುತ್ತದೆ. ಬೆರಳಿನ ಗೆರೆಗಳಲ್ಲಿ ಜನಾಂಗದ ಗುರುತು ಸಿಕ್ಕೀತೇ ಎಂದು ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಬಹಳವಾಗಿ ಹುಡುಕಿದನು. ಯಾವ ಜನಾಂಗಕ್ಕೂ ಅದರದೇ ಆದ ಗುರುತೆಂಬುದು ಬೆರಳಿನಲ್ಲಿ ಇಲ್ಲವೆಂದು 1892ರ ತನ್ನ ಗ್ರಂಥದಲ್ಲಿ ಒಪ್ಪಿಕೊಂಡನು. ಹೀಗಿರಲು, ಒಬ್ಬೊಬ್ಬನನ್ನೂ ಬೇರೆಬೇರೆಯಾಗಿ ಕಾಣುವುದಕ್ಕೆಂದೇ ಹುಟ್ಟಿದ ಶಾಸ್ತ್ರವನ್ನು, ಒಬ್ಬೊಬ್ಬನನ್ನೂ ಬೇರೆಯಾಗಿ ಕಾಣಲೊಲ್ಲದ ಕಾಯ್ದೆಯು ತನ್ನ ಆಳನ್ನಾಗಿ ಮಾಡಿಕೊಂಡಿತು. ಶಾಸ್ತ್ರವು ಸುಳ್ಳು ಹೇಳಲಿಲ್ಲ. ಅದನ್ನು ಹಿಡಿದ ಕೈಗೆ ಕೇಳಬೇಕಾದ ಪ್ರಶ್ನೆ ತಿಳಿದಿರಲಿಲ್ಲ.

1920ನೆಯ ಇಸವಿ

ಉಸಿಲಂಪಟ್ಟಿಯ ಹತ್ತಿರ, ಆಗ ತಿರುಮಂಗಲಂ ತಾಲ್ಲೂಕಿಗೆ ಸೇರಿದ್ದ ಪೆರುಂಗಾಮನಲ್ಲೂರು ಎಂಬ ಹಳ್ಳಿಯ ಕಳ್ಳರು ಬೇಸಾಯ ಮಾಡಿಕೊಂಡಿದ್ದವರು. ತಾವು ತಪ್ಪು ಮಾಡಿದವರಲ್ಲ, ಬೆರಳಚ್ಚು ಕೊಡಲಾರೆವು ಎಂದು ಅವರು ಪಟ್ಟುಹಿಡಿದರು. 1920ರ ಏಪ್ರಿಲ್ 3ರಂದು ಬೆಳಗ್ಗೆ ಪೋಲೀಸು ಪಡೆಯು ಊರಿಗೆ ಬಂದಿತು. ಮಾತು ಬೆಳೆದು ಕಲ್ಲು ಕೋಲುಗಳಾಗಿ, ಕೊನೆಗೆ ಬಂದೂಕು ಹಾರಿತು. ಹದಿನಾರು ಮಂದಿ ಸತ್ತರೆಂದು ಆ ಸೀಮೆಯು ಇಂದಿಗೂ ನೆನೆಯುತ್ತದೆ. ಗಾಯಗೊಂಡವರಿಗೆ ನೀರು ಕೊಡಲು ಹೋದ ಮಾಯಕ್ಕಾಳ್ ಎಂಬ ಹೆಂಗಸು ಅವರಲ್ಲಿ ಒಬ್ಬಳು. ಸೆರೆಸಿಕ್ಕಿದವರಿಗೆ ಸಂಕೋಲೆ ಹಾಕಿ ತಿರುಮಂಗಲಕ್ಕೆ ನಡೆಸಿಕೊಂಡು ಹೋದರು. ಮದುರೆಯಲ್ಲಿ ವಕೀಲರಾಗಿದ್ದ, ಕೇರಳದಿಂದ ಬಂದ ರಾಷ್ಟ್ರಭಕ್ತ ಜಾರ್ಜ್ ಜೋಸೆಫ್ ಅವರು ಕಳ್ಳರ ಪರವಾಗಿ ನಿಂತು ಈ ಕಾಯ್ದೆಯ ವಿರುದ್ಧ ಹೋರಾಡಿದರು. ಆ ಜನರು ಅವರನ್ನು ‘ರೋಜಾಪ್ಪೂ ದೊರೈ’ ಎಂದರೆ ಗುಲಾಬಿ ಹೂವಿನ ದೊರೆಯೆಂದು ಪ್ರೀತಿಯಿಂದ ಕರೆದರು.

ಒಂದು ಬೆರಳಿನ ಗುರುತಿಗಾಗಿ ಪ್ರಾಣವನ್ನೇ ಕೊಡುವುದುಂಟೇ ಎಂದು ಕೆಲವರಿಗೆ ತೋರಬಹುದು. ಮಸಿಯಲ್ಲಿ ಬೆರಳನ್ನು ಅದ್ದಿ ಹಾಳೆಗೆ ಒತ್ತುವುದರಲ್ಲಿ ನೋವೇನೂ ಇಲ್ಲ. ಆದರೆ ಒತ್ತಿದೊಡನೆ ಆತನು ತಾನು ಕಳ್ಳನೆಂದು ತನ್ನ ಕೈಯಿಂದಲೇ ಬರೆದುಕೊಟ್ಟಂತೆ ಆಗುತ್ತಿತ್ತು. ಅದನ್ನು ಪೆರುಂಗಾಮನಲ್ಲೂರಿನ ಓದುಬರಹವಿಲ್ಲದ ರೈತರು ಅರಿತಿದ್ದರು.

ಆ ಒಂದೇ ವರ್ಷದಲ್ಲಿ ನಡೆದ ಇತರ ಸಂಗತಿಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಆಶ್ಚರ್ಯವಾಗುತ್ತದೆ. 1920ರಲ್ಲಿಯೇ ಮದರಾಸು ಸರ್ಕಾರವು ಮಕ್ಕಳ ಕಾಯ್ದೆಯನ್ನು ಮಾಡಿತು. ತಪ್ಪು ಮಾಡಿದ ಮಗುವನ್ನು ದೊಡ್ಡವರ ಸೆರೆಮನೆಗೆ ತಳ್ಳದೆ ತಿದ್ದಬೇಕೆಂಬ ಈ ಬಗೆಯ ಕಾಯ್ದೆ ಭಾರತದಲ್ಲಿ ಅದೇ ಮೊದಲನೆಯದು. ಅಲೆಗ್ಸಾಂಡರ್ ಕಾರ್ಡ್ಯೂ ಅಧ್ಯಕ್ಷತೆಯ ಭಾರತ ಸೆರೆಮನೆಗಳ ಸಮಿತಿಯು 1919-20ರಲ್ಲಿ ಕೆಲಸಮಾಡಿ, ಸೆರೆವಾಸದ ಗುರಿಯು ಮನುಷ್ಯನನ್ನು ಸುಧಾರಿಸುವುದಾಗಿರಬೇಕೆಂದು ವರದಿ ಮಾಡಿತು. ಅದೇ ವರ್ಷ ‘ಬಂದಿಗಳ ಗುರುತಿನ ಕಾಯ್ದೆ’ ಎಂಬುದೊಂದು ಇಡೀ ದೇಶಕ್ಕೆ ಬಂದಿತು. ಮೊದಲು ಶಿಕ್ಷೆಯಾಗಿರದ ಒಬ್ಬನು ವಿಚಾರಣೆಯಿಲ್ಲದೆಯೇ ಬಿಡುಗಡೆಯಾದರೆ, ಇಲ್ಲವೆ ನಿರ್ದೋಷಿಯೆಂದು ತೀರ್ಪಾದರೆ, ಅವನಿಂದ ತೆಗೆದುಕೊಂಡ ಅಚ್ಚನ್ನು ಸುಟ್ಟುಬಿಡಬೇಕು, ಇಲ್ಲವೆ ಅವನ ಕೈಗೇ ಕೊಟ್ಟುಬಿಡಬೇಕು ಎಂಬುದು ಆ ಕಾಯ್ದೆಯ ಏಳನೆಯ ಕಲಮು. ಹೀಗೆ ಆರೋಪವನ್ನು ಹೊತ್ತು ನಿರ್ದೋಷಿಯಾದವನ ಅಚ್ಚು ಪೋಲೀಸರ ಬಳಿ ಉಳಿಯಬಾರದೆಂದು ಹೇಳಿದ ವರ್ಷದಲ್ಲಿಯೇ, ಆರೋಪವೇ ಇಲ್ಲದವರ ಅಚ್ಚಿಗಾಗಿ ಗುಂಡು ಹಾರಿತು. ನ್ಯಾಯವೇನೆಂಬುದು ಅಂದಿನ ಸರ್ಕಾರಕ್ಕೆ ತಿಳಿದಿರಲಿಲ್ಲವೆಂದು ಹೇಳುವಂತಿಲ್ಲ. ತಿಳಿದಿದ್ದೂ ಅದನ್ನು ಎಲ್ಲರಿಗೂ ಹಂಚಲಿಲ್ಲವೆಂಬುದೇ ದೋಷ.

ಶಾಲೆ ಬಂದ ಬಗೆ

ಗುಂಡಿನಿಂದ ಕುಲವನ್ನು ಸುಧಾರಿಸಲಾಗದೆಂಬುದು ಬೇಗನೆ ಮನವರಿಕೆಯಾಯಿತು. ಅದೇ ಕಾಲದಲ್ಲಿ ‘ಕಳ್ಳರ್ ಸುಧಾರಣೆ’ ಎಂಬ ಯೋಜನೆ ಮೊದಲಾಗಿ, ಅದಕ್ಕೆಂದೇ ಅಧಿಕಾರಿಗಳು ನೇಮಕವಾದರು. ಊರೂರಿನಲ್ಲಿ ಕಳ್ಳರ ಪಂಚಾಯತಿಗಳು, ಸಹಕಾರ ಸಂಘಗಳು, ವಿದ್ಯಾರ್ಥಿನಿಲಯಗಳು, ಎಲ್ಲಕ್ಕಿಂತ ಹೆಚ್ಚಾಗಿ ಶಾಲೆಗಳು ಏರ್ಪಟ್ಟವು. ಬಾವಿ ತೋಡುವುದಕ್ಕೂ ಎತ್ತು ಕೊಳ್ಳುವುದಕ್ಕೂ ಸಾಲ ಸಿಕ್ಕಿತು. ಬೇಸಾಯಕ್ಕೆ ನೀರೂ ನೆಲವೂ ದೊರೆತಲ್ಲಿ ಜನರು ತಾವಾಗಿಯೇ ಆರಂಬಗಾರರಾಗಿ ನಿಂತರು. ಪೆರಿಯಾರ್ ನದಿಗೆ 1895ರಲ್ಲಿ ಮುಗಿದ ಅಣೆಕಟ್ಟು ಪಡುವಣಕ್ಕೆ ಹರಿಯುವ ನೀರನ್ನು ಮಲೆಯ ಸುರಂಗದ ಮೂಲಕ ಈ ಕಣಿವೆಗೆ ತಿರುಗಿಸಿತ್ತು. ಕಂಬಂ ಕಣಿವೆಯ ಹೊಲಗದ್ದೆಗಳಲ್ಲಿ ಇಂದು ಕಳ್ಳರ ದುಡಿಮೆಯೂ ಕನ್ನಡ ಒಕ್ಕಲುಗಳ ದುಡಿಮೆಯೂ ಅಕ್ಕಪಕ್ಕದಲ್ಲಿಯೇ ಇವೆ.

ಆದರೆ ಈ ಶಾಲೆಗಳು ಕಾಯ್ದೆಯ ನೆರಳಿನಲ್ಲಿಯೇ ಹುಟ್ಟಿದುವೆಂಬುದನ್ನು ಮರೆಯಬಾರದು. 1911ರ ಕಾಯ್ದೆಯಲ್ಲಿಯೇ ಕುಲದ ಮಕ್ಕಳನ್ನು ತಂದೆತಾಯಿಗಳಿಂದ ಅಗಲಿಸಿ ಸುಧಾರಣಾ ಶಾಲೆಯಲ್ಲಿಡುವ ಅಧಿಕಾರವು ಸರ್ಕಾರಕ್ಕೆ ಇದ್ದಿತು. ತಂದೆಯು ಠಾಣೆಯ ಹಾಜರಿಗೆ, ಮಗನು ಶಾಲೆಯ ಹಾಜರಿಗೆ. ಒಂದು ಪುಸ್ತಕದಲ್ಲಿ ಹೆಸರಿನ ಮುಂದೆ ಸಂಶಯ, ಇನ್ನೊಂದರಲ್ಲಿ ಹೆಸರಿನ ಮುಂದೆ ಭರವಸೆ. ಎರಡೂ ಪುಸ್ತಕಗಳು ಒಂದೇ ಸರ್ಕಾರದವು. ಕೊನೆಗೆ ಉಳಿದುದು ಎರಡನೆಯ ಪುಸ್ತಕವೆಂಬುದು ನಮ್ಮ ಪುಣ್ಯ. ಮದುರೆ, ತೇನಿ, ದಿಂಡಿಗಲ್ ಜಿಲ್ಲೆಗಳಲ್ಲಿ ಈ ಬಗೆಯ ಸುಮಾರು 300 ಶಾಲೆಗಳು ಬೆಳೆದು ನಿಂತವು. ಅಲ್ಲಿ ಕಲಿತವರು ಉಪಾಧ್ಯಾಯರೂ ವಕೀಲರೂ ಪೋಲೀಸು ಅಧಿಕಾರಿಗಳೂ ಆಗಿದ್ದಾರೆ.

ಕನ್ನಡ ನಾಡಿನ ಕಡೆಗೆ

ಇದು ತಮಿಳು ಸೀಮೆಯ ಕಥೆ, ನಮಗೇಕೆ ಎಂದು ವಾಚಕರು ಅಂದುಕೊಳ್ಳಬಾರದು. ಅದೇ ಕಾಯ್ದೆ ಮುಂಬಯಿ ಕರ್ನಾಟಕದಲ್ಲಿಯೂ ಆಳಿತು. ಬಿಜಾಪುರದಲ್ಲಿ ಸ್ಟಾರ್ಟ್ ಎಂಬ ಆಂಗ್ಲ ಅಧಿಕಾರಿಯು ಇಂಥ ಕುಲಗಳವರಿಗಾಗಿ ವಸಾಹತನ್ನು ಏರ್ಪಡಿಸಿದನು. ಬಳಿಕ ಹುಬ್ಬಳ್ಳಿಯಲ್ಲಿಯೂ ಗದಗಿನಲ್ಲಿಯೂ ಅಂಥವು ಆದವು. ಮುಳ್ಳುತಂತಿಯ ಬೇಲಿ, ಹಾಜರಿಯ ಗಂಟೆ, ಗಿರಣಿಯ ಕೆಲಸ, ಮಕ್ಕಳಿಗೆ ಶಾಲೆ. ಹುಬ್ಬಳ್ಳಿಯಲ್ಲಿ ಆ ಬಡಾವಣೆಯನ್ನು ಜನರು ‘ಸೆಟ್ಲಮೆಂಟ್’ ಎಂದೇ ಕರೆದುಕೊಂಡು ಬಂದಿದ್ದಾರೆ. ಕೊರವರು, ಹರಣಶಿಕಾರಿಗಳು, ಛಪ್ಪರಬಂದರು, ಗಂಟಿಚೋರರು ಆ ಬೇಲಿಯೊಳಗೆ ಬಾಳಿದವರು. ಗಂಟಿಚೋರ ಎಂಬ ಕುಲದ ಹೆಸರನ್ನೇ ನೋಡಿರಿ. ಗಂಟು ಕದಿಯುವವನೆಂದು ಅದಕ್ಕೆ ಅರ್ಥ. ಕನ್ನಡ ಶಾಲೆಯ ಹಾಜರಿ ಪುಸ್ತಕದಲ್ಲಿ ಜಾತಿಯ ಅಂಕಣದಲ್ಲಿ ಆ ಮಾತನ್ನು ಬರೆಸಿಕೊಂಡ ಹುಡುಗನ ಮನಸ್ಸಿನಲ್ಲಿ ಏನಾಗಿರಬೇಕು? ಕಂಬಂ ಕಣಿವೆಯ ಹಲಗೆಯನ್ನು ನೋಡಿ ನಕ್ಕ ಕನ್ನಡಿಗನು ತನ್ನ ಮನೆಯ ಹಿತ್ತಿಲನ್ನೂ ಒಮ್ಮೆ ನೋಡಿಕೊಳ್ಳಬೇಕು.

ಕಾಯ್ದೆ ಹೋದರೂ

1930ರ ದಶಕದಲ್ಲಿ ಮುತ್ತುರಾಮಲಿಂಗ ದೇವರು ಮೊದಲಾದವರ ನಾಯಕತ್ವದಲ್ಲಿ ಈ ಕಾಯ್ದೆಯ ವಿರುದ್ಧ ಚಳವಳಿಯು ಬಲವಾಯಿತು. 1947ರಲ್ಲಿ ಮದರಾಸು ಸರ್ಕಾರವು ಅದನ್ನು ರದ್ದುಮಾಡಿತು. ಅನಂತಶಯನಂ ಅಯ್ಯಂಗಾರ್ ಸಮಿತಿಯ ವಿಚಾರಣೆಯ ಬಳಿಕ 1952ರ ಆಗಸ್ಟ್ 31ರಂದು ಇಡೀ ಭಾರತದಿಂದ ಅದು ತೊಲಗಿತು. ಅಂದಿನಿಂದ ಈ ಕುಲಗಳಿಗೆ ‘ವಿಮುಕ್ತ’ ಎಂಬ ಹೆಸರು. ಆದರೆ 1948ರಲ್ಲಿಯೇ ಮದರಾಸಿನಲ್ಲಿ ರೂಢಿಗತ ಅಪರಾಧಿಗಳ ಕಾಯ್ದೆ ಎಂಬ ಇನ್ನೊಂದು ಬಂದಿತು. ಅದರಲ್ಲಿ ಕುಲದ ಮಾತಿಲ್ಲ. ಮತ್ತೆ ಮತ್ತೆ ಅಪರಾಧ ಮಾಡಿದ ಒಬ್ಬೊಬ್ಬನ ಮಾತು ಮಾತ್ರ ಇದೆ. ತತ್ತ್ವದ ದೃಷ್ಟಿಯಿಂದ ಇದು ದೊಡ್ಡ ಹೆಜ್ಜೆಯೇ ಸರಿ. ಆದರೂ ಕಾಗದದ ಮೇಲೆ ಅಳಿದುದು ಮನಸ್ಸಿನಿಂದ ಅಷ್ಟು ಬೇಗ ಅಳಿಯಲಿಲ್ಲ. ಕೆಲವು ಪ್ರಾಂತಗಳ ಸೆರೆಮನೆಯ ಕೈಪಿಡಿಗಳಲ್ಲಿ ಕುಲವನ್ನು ನೋಡಿ ಕೆಲಸ ಹಂಚುವ, ವಿಮುಕ್ತರನ್ನು ರೂಢಿಗತ ಅಪರಾಧಿಗಳೊಡನೆ ಎಣಿಸುವ ಮಾತುಗಳು ಉಳಿದುಕೊಂಡಿದ್ದವು. ಅವು ಸಂವಿಧಾನಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯವು ತೀರ್ಪು ಕೊಟ್ಟುದು 2024ರ ಅಕ್ಟೋಬರ್ 3ರಂದು. ಕಾಯ್ದೆಯನ್ನು ರದ್ದುಮಾಡಿ 72 ವರ್ಷಗಳಾದ ಮೇಲೆ!

ಶಾಸ್ತ್ರವೂ ನಿಂತಲ್ಲಿ ನಿಂತಿಲ್ಲ. 1920ರ ಬಂದಿಗಳ ಗುರುತಿನ ಕಾಯ್ದೆ ಹೋಗಿ 2022ರಲ್ಲಿ ಹೊಸದು ಬಂದಿದೆ. ಬೆರಳಚ್ಚಲ್ಲದೆ ಅಂಗೈ, ಅಂಗಾಲು, ಕಣ್ಣಿನ ಪಾಪೆ, ರಕ್ತ ಮೊದಲಾದವುಗಳ ಗುರುತನ್ನೂ ತೆಗೆದುಕೊಂಡು 75 ವರ್ಷ ಇಟ್ಟುಕೊಳ್ಳಲು ಅದು ಅವಕಾಶ ಕೊಡುತ್ತದೆ. ನಿರ್ದೋಷಿಯಾದವನ ಗುರುತನ್ನು, ನ್ಯಾಯಾಲಯವು ಬೇರೆ ರೀತಿಯಲ್ಲಿ ಆಜ್ಞೆಮಾಡದಿದ್ದರೆ, ಅಳಿಸಬೇಕೆಂಬ ನಿಯಮವು ಅದರಲ್ಲಿಯೂ ಉಂಟು. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯು, ಏಳು ವರ್ಷ ಅಥವಾ ಅದಕ್ಕೆ ಮೇಲ್ಪಟ್ಟ ಶಿಕ್ಷೆಯುಳ್ಳ ಅಪರಾಧ ನಡೆದಲ್ಲಿಗೆ ತಜ್ಞರು ಹೋಗಿ ಸಾಕ್ಷ್ಯವನ್ನು ಕೂಡಿಸಬೇಕೆಂಬ ಕ್ರಮವನ್ನು ತಂದಿದೆ. ಇವುಗಳಲ್ಲಿ ಒಳ್ಳೆಯದು ಬಹಳವಿದೆ. ನಿರಪರಾಧಿಯನ್ನು ಕಾಪಾಡುವುದಕ್ಕೆ ಒಂದು ಹನಿ ರಕ್ತಕ್ಕಿರುವ ಶಕ್ತಿ ಹತ್ತು ಮಂದಿ ವಕೀಲರಿಗೂ ಇರಲಾರದು. ಆದರೆ ಗುರುತಿನ ಶಕ್ತಿಯು ಹೆಚ್ಚಿದಷ್ಟೂ, ಯಾರ ಗುರುತು, ಯಾವ ಕಾರಣಕ್ಕೆ, ಎಷ್ಟು ಕಾಲ ಎಂಬ ಪ್ರಶ್ನೆಗಳು ಹೆಚ್ಚು ತೀಕ್ಷ್ಣವಾಗಬೇಕು. ಪೆರುಂಗಾಮನಲ್ಲೂರಿನವರು ಕೇಳಿದ ಪ್ರಶ್ನೆಯೂ ಇದೇ: ‘ನಾವೇನು ಮಾಡಿದೆವು?’

ನಮ್ಮ ಮುಖ್ಯವಾದ ಮಾತನ್ನು ಇಲ್ಲಿ ಹೇಳಿ ಮುಗಿಸುತ್ತೇವೆ. ದಂಡನೀತಿಗೆ ಆಧಾರವಾದ ಪ್ರಶ್ನೆ ಒಂದೇ: ಈ ಮನುಷ್ಯನು ಏನು ಮಾಡಿದನು? ಇವನು ಯಾರ ಮಗನೆಂದು ಆ ಜಾಗದಲ್ಲಿ ಕೇಳಿದ ದಿನ, ಎಷ್ಟೇ ಶುದ್ಧವಾದ ಶಾಸ್ತ್ರವಿದ್ದರೂ ಅದು ಅನ್ಯಾಯಕ್ಕೆ ದುಡಿಯುತ್ತದೆ. 1896ರ ರೈತರ ಸಂಕಟವು ನಿಜವಾಗಿತ್ತು; ಆದರೂ ಅವರು ಕೇಳಿದ ಪ್ರಶ್ನೆ ತಪ್ಪಾಗಿತ್ತು. 1911ರ ಸರ್ಕಾರದ ಬಳಿ ಬೆರಳಚ್ಚಿನ ಶಾಸ್ತ್ರವಿತ್ತು. ಅದು ಕೇಳಿದುದೂ ಅದೇ ತಪ್ಪು ಪ್ರಶ್ನೆಯನ್ನೇ.

ಉಪಾಧ್ಯಾಯ ಮಿತ್ರರಿಗೆ ಇನ್ನೊಂದು ಮಾತು. ತರಗತಿಯಲ್ಲಿ ಲೇಖನಿಯೊಂದು ಕಳೆದುಹೋದಾಗ ನಮ್ಮ ಕಣ್ಣು ಮೊದಲು ಯಾವ ಹುಡುಗನ ಕಡೆಗೆ ಹೊರಳುತ್ತದೆಯೆಂಬುದನ್ನು ನಾವೇ ಗಮನಿಸಿಕೊಳ್ಳುವುದು ಒಳ್ಳೆಯದು. ಅವನ ಊರೋ, ಕೇರಿಯೋ, ಹರಿದ ಅಂಗಿಯೋ ನಮ್ಮ ಕಣ್ಣನ್ನು ಎಳೆದಿದ್ದರೆ, ಆ ಹಳೆಯ ಕಾಯ್ದೆಯ ಒಂದು ಕಲಮು ನಮ್ಮೊಳಗೆ ಇನ್ನೂ ಜಾರಿಯಲ್ಲಿದೆಯೆಂದು ತಿಳಿಯಬೇಕು.

ಶಾಲೆಗಳ ಹೆಸರಿನಿಂದ ಜಾತಿಯ ಮಾತನ್ನು ತೆಗೆಯಬೇಕೆಂದು ನ್ಯಾಯಮೂರ್ತಿ ಚಂದ್ರು ಅವರ ಸಮಿತಿಯು 2024ರಲ್ಲಿ ತಮಿಳುನಾಡು ಸರ್ಕಾರಕ್ಕೆ ಸಲಹೆಮಾಡಿತು. ಆ ಶಾಲೆಗಳು ತಮ್ಮ ಹಿರಿಯರ ನೋವಿನಿಂದ ಹುಟ್ಟಿದವು, ಅವನ್ನು ಬೇರೆ ಶಾಲೆಗಳೊಡನೆ ಬೆರೆಸಬಾರದು ಎಂದು ಕಳ್ಳರಲ್ಲಿ ಅನೇಕರು ವಾದಿಸಿದರು. ಎರಡು ಮಾತಿನಲ್ಲಿಯೂ ಸತ್ಯವಿದೆ. ಹಲಗೆಯ ಮೇಲಿನ ಹೆಸರು ಉಳಿಯಲಿ, ಹೋಗಲಿ. ಅದರ ಕೆಳಗೆ ಹಾದು ಒಳಗೆ ಹೋಗುವ ಮಗುವಿನ ಹೆಸರನ್ನು ಉಪಾಧ್ಯಾಯರು ಕೂಗಿದಾಗ, ಅದು ಆ ಮಗುವಿನ ಹೆಸರಾಗಿ ಮಾತ್ರ ಕೇಳಿಸಲಿ.